ಹತ್ತು ಖಾಲಿ ಹಾಳೆ

ಲೋಲಾಕ್ಷಿ ಹತ್ತು ಖಾಲಿ ಹಾಳೆಗಳಿಗೆ ಸಹಿ ಹಾಕಿದ್ದಳು. ಯಾರೂ ಕತ್ತು ಹಿಡಿದು ಹಾಕಿಸಿದ್ದಲ್ಲ. ಮಸ್ಕತ್ತಿನಲ್ಲಿರುವ ಊರಿನವರೆಲ್ಲ ಹಾಗೆಯೇ ಹಾಕುತ್ತಿದ್ದರು.

ಮಂಗಳೂರಿನ ಗೋಪಾಲಕೃಷ್ಣ ವಕೀಲರು ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಅಲ್ಲಿನ ರೂವಿ ಪೇಟೆಯ ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ ಎರಡು ದಿನ ಕೂರುತ್ತಿದ್ದರು. ಅದಕ್ಕೆ ವಕೀಲರ ಕ್ಯಾಂಪ್ ಎಂದೇ ಹೆಸರು. ಜಾಗದ ತಕರಾರು, ಪಾಲುಪಟ್ಟಿ, ಫ್ಲ್ಯಾಟ್ ಖರೀದಿ, ವಿಚ್ಛೇದನ, ಎಲ್ಲವೂ ಅಲ್ಲೇ. ಗಲ್ಫಿನ ಕಕ್ಷಿದಾರ ಬೇಕೆಂದಾಗ ಕೈಗೆ ಸಿಗುವುದಿಲ್ಲ. ಒಂದೊಂದು ಸಹಿಗೂ ಕಾಗದ ವಿಮಾನ ಹತ್ತಿ ಬಂದು ಹೋಗಬೇಕು. ಅದಕ್ಕೇ ಮೊದಲೇ ಹತ್ತು ಹಾಳೆ. ಪ್ರತಿ ಹಾಳೆಯ ಕೆಳಗೆ, ಬಲಮೂಲೆಯಲ್ಲಿ, ಪೆನ್ಸಿಲಿನಲ್ಲಿ ಒಂದು ಚಿಕ್ಕ ಗುರುತು. ಅಲ್ಲಿ ಸಹಿ ಹಾಕಬೇಕು.

ಹೋದ ಆಗಸ್ಟಿನ ಒಂದು ಶುಕ್ರವಾರ ಲೋಲಾಕ್ಷಿ ಗಂಡನಿಂದ ವಿಚ್ಛೇದನವನ್ನೂ ಮಗಳನ್ನೂ ಕೇಳಲು ಆ ಸಾಲಿನಲ್ಲಿ ಎರಡೂವರೆ ಗಂಟೆ ನಿಂತಿದ್ದಳು. ಅವಳ ಸರದಿ ಬಂದಾಗ ವಕೀಲರು ನೀರುದೋಸೆ ತಿನ್ನುತ್ತಿದ್ದರು. ಎಡಗೈಯಲ್ಲಿ ಹಾಳೆ ತಳ್ಳಿದರು.

"ಸರ್, ಇದರಲ್ಲಿ ಎಂತದೂ ಬರೆದಿಲ್ಲ."

"ಬರೀಲಿಕ್ಕೆ ನಾನಿದ್ದೇನಲ್ಲ ಮಗಾ."

ಸಾಲಿನಲ್ಲಿದ್ದವರು ನಕ್ಕರು. ಹಿಂದಿನಿಂದ ಒಬ್ಬರು, "ಬೇಗ ಹಾಕಮ್ಮ, ನಮಗೆ ಡ್ಯೂಟಿ ಉಂಟು" ಎಂದರು. ಅವಳಿಗೆ ನಾಚಿಕೆಯಾಯಿತು. ಹಾಕಿದಳು. ಆಮೇಲೆ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಆಸ್ಪತ್ರೆಯ ಕಾಗದ. ಎಡಗಿವಿಯ ತಮಟೆ ಹರಿದಿದೆ, ಹೊಡೆತದಿಂದ ಆದದ್ದು ಎಂದು ಡಾಕ್ಟರು ಬರೆದುಕೊಟ್ಟಿದ್ದು. ಅಸಲು ಪ್ರತಿ ಅದೊಂದೇ.

"ಇದು ಬಹಳ ಮುಖ್ಯ ಸರ್."

"ಗೊತ್ತುಂಟು," ಎಂದು ವಕೀಲರು ಅದನ್ನು ಚಟ್ನಿಯ ಬಟ್ಟಲಿನಿಂದ ದೂರ ಸರಿಸಿದರು. ಅಷ್ಟು ಕಾಳಜಿಗೇ ಅವಳ ಕಣ್ಣು ತುಂಬಿ ಬಂದಿತ್ತು.

ಲೋಲಾಕ್ಷಿ ಕೊಗ್ಗನ ಮಗಳು. ಕೊಗ್ಗ ಮಂಗಳೂರಿನ ಮೀನು ಮಾರ್ಕೆಟ್ಟಿನ ರಸ್ತೆಯನ್ನು ಮೂವತ್ತೊಂದು ವರ್ಷ ಗುಡಿಸಿದವನು. ಅದಕ್ಕಿಂತ ಮೊದಲು ಅವನ ಅಪ್ಪ ಗುಡಿಸಿದ್ದ. ಅವರ ಜಾತಿಗೆ ಆ ಊರು ಬೇರೆ ಕೆಲಸ ಕೊಟ್ಟಿರಲಿಲ್ಲ. ಲೋಲಾಕ್ಷಿ ಪಿಯುಸಿ ಮುಗಿಸಿ ಬಟ್ಟೆ ಅಂಗಡಿಯ ಬಿಲ್ಲಿಂಗಿನಲ್ಲಿ ಕೂತಳು. ಅಲ್ಲೇ ಶೈಲೇಶ್ ಸಿಕ್ಕಿದ. ಮನೆತನದ ಹುಡುಗ. ಜಾತಿಗೀತಿ ನಾನು ನೋಡುವವನಲ್ಲ ಎಂದ. ಮದುವೆಯಾದ. ತೃಷಾ ಹುಟ್ಟಿದಳು. ಮೊಮ್ಮಗಳನ್ನು ನೋಡಲು ಕೊಗ್ಗ ಒಗೆದ ಅಂಗಿ ತೊಟ್ಟು ಬಂದ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಹತ್ತು ನಿಮಿಷ ಕೂತು ಹೋದ. ಅವನು ಗೇಟು ದಾಟುವ ಮೊದಲೇ ಅತ್ತೆ ಪೈಪು ಹಿಡಿದು ಆ ಕುರ್ಚಿ ತೊಳೆದರು. ನೀರಿನ ಸದ್ದಿಗೆ ಅಪ್ಪ ತಿರುಗಿ ನೋಡಿದ್ದನ್ನು ಲೋಲಾಕ್ಷಿ ಕಿಟಕಿಯಿಂದ ಕಂಡಳು. ಮಗು ಎದೆಯಲ್ಲಿತ್ತು.

ಒಮಾನಿಗೆ ಬಂದಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು. ದಾರ್ಸೈಟಿನ ಫ್ಲ್ಯಾಟಿನಲ್ಲಿ ಅತ್ತೆ ಇರಲಿಲ್ಲ. ಆದರೆ ಶೈಲೇಶನ ಬಾಯಲ್ಲಿ ಅತ್ತೆ ಇದ್ದರು. ಸಾರು ಉಪ್ಪಾದರೂ ಕೊಗ್ಗನ ಹೆಸರು, ಮಗು ಬಿದ್ದರೂ ಕೊಗ್ಗನ ಹೆಸರು. ಮೊದಲು ಮಾತು, ಆಮೇಲೆ ಕೈ. ಎರಡು ವರ್ಷದ ಹಿಂದೆ ಒಂದು ಸಂಜೆ ತೃಷಾಳ ಎದುರಿಗೇ ಹೊಡೆದ. ಎಡಗಿವಿಯಲ್ಲಿ ಕುಕ್ಕರಿನಂತೆ ಒಂದು ಸೀಟಿ ಎದ್ದಿತು. ಅದು ನಿಂತಾಗ ಆ ಕಡೆ ಏನೂ ಕೇಳಿಸಲಿಲ್ಲ.

ಒಂದು ಚೀಲ ಹಿಡಿದು ಹೊರಬಿದ್ದಳು. ಎರಡು ಕಟ್ಟಡದಾಚೆ ಲವಿಟಾ ಇದ್ದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡುವವಳು, ಬಜ್ಪೆ ಕಡೆಯವಳು. ಒಂದು ಮಂಚಕ್ಕೆ ಜಾಗ ಕೊಟ್ಟಳು. ಮಗಳನ್ನು ಕರೆದುಕೊಂಡು ಬರಲಾಗಲಿಲ್ಲ. ತೃಷಾಳ ವೀಸಾ ಅಪ್ಪನ ಹೆಸರಿನಲ್ಲಿ, ಶಾಲೆ ಅಪ್ಪನ ಹೆಸರಿನಲ್ಲಿ. ಒಂದು ತಿಂಗಳಲ್ಲಿ ಶೈಲೇಶ್ ದೂರದ ಸೂರ್ ಪಟ್ಟಣಕ್ಕೆ ವರ್ಗ ಮಾಡಿಸಿಕೊಂಡು ಮಗಳನ್ನೂ ಕರೆದುಕೊಂಡು ಹೋದ. ಅವನ ವೀಸಾದಲ್ಲಿದ್ದ ಹೆಂಡತಿಯ ಹೆಸರನ್ನು ರದ್ದು ಮಾಡಿಸಿದ.

ಆಗ ದಾರಿ ತೋರಿಸಿದವಳು ರಸೀನಾ. ವಾದಿ ಕಬೀರಿನ ಲಾಂಡ್ರಿಯಲ್ಲಿ ಅವಳಿದ್ದಳು, ಉಳ್ಳಾಲದವಳು. ಅಲ್ಲೇ ಲೋಲಾಕ್ಷಿಗೂ ಕೆಲಸ, ವೀಸಾ ಆಯಿತು. ಪಾಸ್‌ಪೋರ್ಟ್ ಕಂಪನಿಯ ಬೀರುವಿಗೆ ಹೋಯಿತು. ಎರಡು ವರ್ಷ ಮುಗಿಯುವ ತನಕ ಊರಿನ ಮಾತು ಎತ್ತುವಂತಿಲ್ಲ.

ಲಾಂಡ್ರಿಗೆ ಹೋಟೆಲುಗಳ ಚಾದರ, ಆಸ್ಪತ್ರೆಗಳ ಚಾದರ ಬರುತ್ತಿತ್ತು. ಲೋಲಾಕ್ಷಿ ಮತ್ತು ರಸೀನಾ ಇಸ್ತ್ರಿ ಮಾಡುವ ರೋಲರಿನ ಮುಂದೆ. ಒದ್ದೆ ಚಾದರದ ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಒಟ್ಟಿಗೆ ಕೊಡವಬೇಕು, ಒಟ್ಟಿಗೆ ಎಳೆಯಬೇಕು, ಒಟ್ಟಿಗೆ ರೋಲರಿನ ಬಾಯಿಗೆ ಕೊಡಬೇಕು. ನೂರಾ ಅರವತ್ತು ಡಿಗ್ರಿ. ಒಂದು ಚಾದರಕ್ಕೆ ಹನ್ನೆರಡು ಸೆಕೆಂಡು. ಒಬ್ಬಳು ಅರ್ಧ ಸೆಕೆಂಡು ತಡಮಾಡಿದರೆ ಮಡಿಕೆ ಬೀಳುತ್ತದೆ, ಮತ್ತೆ ನೀರು, ಮತ್ತೆ ರೋಲರ್. ಒಬ್ಬಳೇ ನಿಂತರೆ ಯಂತ್ರ ನಡೆಯುವುದೇ ಇಲ್ಲ. ಬೆಳಿಗ್ಗೆ ಏಳರಿಂದ ಸಂಜೆ ಐದು. ಮಧ್ಯಾಹ್ನಕ್ಕೆ ಬೆವರು ಒಣಗಿ ಕುತ್ತಿಗೆಯಲ್ಲಿ ಉಪ್ಪು ಕೂರುತ್ತದೆ. ಬೆರಳಿನ ಚರ್ಮ ನೆನೆದು ಬಿರಿಯುತ್ತದೆ, ಬಿರಿದಲ್ಲಿಗೆ ಸೋಪು ಇಳಿಯುತ್ತದೆ.

ಶುಕ್ರವಾರ ರಜೆ. ಶುಕ್ರವಾರ ಸೂರ್. ಬಸ್ಸಿನಲ್ಲಿ ಮೂರು ಗಂಟೆ ಹೋಗುವುದು, ಮೂರು ಗಂಟೆ ಬರುವುದು, ನಡುವೆ ಎರಡು ಗಂಟೆ ತೃಷಾ. ಶೈಲೇಶ್ ಕಾರಿನಿಂದ ಇಳಿಯುತ್ತಿರಲಿಲ್ಲ. ಅಮ್ಮ, ಮಗಳು ಮರದ ಹಡಗು ಕಟ್ಟುವ ಅಂಗಳದ ಬಳಿ ಸಮುದ್ರದ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಂಬತ್ತು ವರ್ಷದ ಹುಡುಗಿ. ಮೊದಮೊದಲು ಅಮ್ಮನ ಎಡಗಡೆ ಕೂತು ಏನೋ ಹೇಳುತ್ತಿದ್ದಳು, ಉತ್ತರ ಬಾರದೆ ಸುಮ್ಮನಾಗುತ್ತಿದ್ದಳು. ಈಗ ಯಾರೂ ಹೇಳದೆ ಸುತ್ತು ಹಾಕಿ ಬಲಗಡೆಗೆ ಬಂದು ಕೂರುತ್ತಾಳೆ.

"ಜೂನ್‌ನಲ್ಲಿ ಊರಿಗೆ ಕಳಿಸ್ತಾರಂತೆ ಅಮ್ಮಾ. ಅಜ್ಜಿ ಹತ್ರ. ಫಾರ್ ಗುಡ್."

"ನಿನಗೆ ಹೋಗ್ಬೇಕಾ?"

"ಐ ಡೋಂಟ್ ವಾಂಟ್ ಟು. ಆದ್ರೆ ಪಪ್ಪ ಹೇಳಿದ್ರು, ನೀನೇ ಯೆಸ್ ಹೇಳಿದ್ದೀ ಅಂತ."

ಅದು ಏಪ್ರಿಲಿನ ಮೊದಲ ಶುಕ್ರವಾರ. ನಾನು ಹೇಳಿಲ್ಲ ಎಂದು ಲೋಲಾಕ್ಷಿ ಮಗಳ ತಲೆ ಮುಟ್ಟಿ ಹೇಳಿದಳು.

ಭಾನುವಾರ ಸಂಜೆ ವಕೀಲರ ಆಫೀಸಿನಿಂದ ವಾಟ್ಸಾಪಿಗೆ ಎರಡು ಸಂದೇಶ ಬಂದವು. ಜೂನಿಯರ್ ಮಾನಸ ಕಳಿಸಿದ್ದು. ಒಂದು, ಮಂಗಳವಾರ ಭಾರತದ ಸಮಯ ಹನ್ನೊಂದಕ್ಕೆ ಕೌಟುಂಬಿಕ ನ್ಯಾಯಾಲಯದ ವಿಡಿಯೊ ಲಿಂಕ್. ಇನ್ನೊಂದು, ಹದಿನಾಲ್ಕು ಪುಟದ ಫೈಲು. ಲವಿಟಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಲೋಲಾಕ್ಷಿ ಫೋನನ್ನು ಅವಳ ಕೈಗೆ ಕೊಟ್ಟಳು.

"ಜೋರಾಗಿ ಓದು. ಬಲಗಡೆಯಿಂದ."

ಲವಿಟಾ ಓದುತ್ತ ಹೋದಳು. ಅರ್ಜಿದಾರಳು ಕ್ರೌರ್ಯದ ಎಲ್ಲ ಆರೋಪಗಳನ್ನು ಹಿಂತೆಗೆದುಕೊಂಡಿದ್ದಾಳೆ. ಹೊಂದಾಣಿಕೆಯ ಕೊರತೆಯಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನ ಕೋರಿದ್ದಾಳೆ. ಆಮೇಲೆ ಅವಳ ದನಿ ನಿಧಾನವಾಯಿತು.

"ಮಗುವಿನ ಉತ್ತಮ ಸಂಸ್ಕಾರದ ದೃಷ್ಟಿಯಿಂದ ಆಕೆ ತಂದೆಯ ಕುಟುಂಬದಲ್ಲಿ ಬೆಳೆಯುವುದೇ ಸೂಕ್ತವೆಂದೂ, ನನ್ನ ಹಿನ್ನೆಲೆಯು ಅದಕ್ಕೆ ಪೂರಕವಲ್ಲವೆಂದೂ ನಾನು ಮನಗಂಡು, ಮಗುವಿನ ಮೇಲಿನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ."

ಕೆಳಗೆ ಬಲಮೂಲೆಯಲ್ಲಿ ಸಹಿ. ಲೋಲಾಕ್ಷಿ ಕೆ. ಅವಳದೇ. 'ಕ್ಷಿ'ಯ ಬಾಲ ಎಳೆದದ್ದೂ ಅವಳದೇ.

"ಕ್ರಿಸ್ತಾ!" ಎಂದಳು ಲವಿಟಾ. "ಇವನು ನಿನ್ನ ವಕೀಲನಾ, ನಿನ್ನ ಗಂಡನ ವಕೀಲನಾ?"

ಲೋಲಾಕ್ಷಿಗೆ ಕುರ್ಚಿ ತೊಳೆದ ನೀರಿನ ಸದ್ದು ಕೇಳಿಸಿತು. ಎಡಗಿವಿಯಲ್ಲೇ ಕೇಳಿಸಿತು. ಹಿನ್ನೆಲೆ ಪೂರಕವಲ್ಲ. ಬೇರೆಯವರು ಹೇಳಿದ್ದು ಸಾಲದೆಂದು ಈಗ ಅವಳ ಕೈಯಿಂದಲೇ ಬರೆಸಿದ್ದರು.

ಒಮಾನಿನಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ. ಧ್ವನಿ ಸಂದೇಶ ಮಾತ್ರ ಹೋಗುತ್ತದೆ. ಅವಳು ಹೇಳಿದಳು: "ಸರ್, ಮಗಳನ್ನು ಬಿಟ್ಟುಕೊಡ್ತೇನೆ ಅಂತ ನಾನು ಯಾವಾಗ ಹೇಳಿದ್ದು?"

ಹತ್ತು ನಿಮಿಷಕ್ಕೆ ಉತ್ತರ ಬಂತು. ಲವಿಟಾ ಸ್ಪೀಕರ್ ಹಾಕಿದಳು.

"ಲೋಲಾಕ್ಷೀ, ನೋಡು ಮಗಾ. ಆ ಹುಡುಗಿ ಲಿಂಕ್ ಮಾತ್ರ ಕಳಿಸ್ಬೇಕಿತ್ತು. ಇರ್ಲಿ. ಅದು ಕೋರ್ಟಿನ ಭಾಷೆ, ನಿನಗೆ ಅರ್ಥ ಆಗ್ಲಿಕ್ಕಿಲ್ಲ."

"ಕನ್ನಡದಲ್ಲೇ ಉಂಟು ಸರ್. ಅರ್ಥ ಆಯ್ತು," ಎಂದು ಲೋಲಾಕ್ಷಿ ಮತ್ತೆ ಧ್ವನಿ ಕಳಿಸಿದಳು.

"ಕೇಸು ಓಡಿಸಿದ್ರೆ ಆರು ವರ್ಷ ಬೇಕು. ನೀನು ಲಾಂಡ್ರಿಯಲ್ಲಿ ನಿಲ್ಲುವವಳು, ಬೇರೆಯವರ ಮನೆಯಲ್ಲಿ ಮಂಚ ಹಾಕಿಕೊಂಡವಳು. ಮಗುವನ್ನು ಎಲ್ಲಿ ಇಡ್ತೀ? ಶೈಲೇಶ್‌ರವರು ಮರ್ಯಾದಸ್ಥರು. ಅವರ ಸೋದರಮಾವ ನಮಗೆ ಬೇಕಾದವರು. ಕ್ಯಾಂಪಿಗೆ ಹಾಲ್ ಮಾಡಿಕೊಡುವುದೇ ಅವರು. ಎಲ್ಲ ಕೂತು ಮಾತಾಡಿ ಮುಗಿಸಿದ್ದೇವೆ."

"ಕೇಳಿದ್ಯಾ?" ಲವಿಟಾ ಚೂರಿ ಕೆಳಗಿಟ್ಟಳು. "ಹಾಲ್ ಯಾರದ್ದಂತ ಕೇಳಿದ್ಯಾ? ನೀನು ಎರಡೂವರೆ ಗಂಟೆ ನಿಂತದ್ದು ಗಂಡನ ಸೋದರಮಾವನ ಹಾಲಿನಲ್ಲಿ ಮಾರಾಯ್ತಿ!"

ಲೋಲಾಕ್ಷಿ ಮತ್ತೆ ಗುಂಡಿ ಒತ್ತಿದಳು. "ಸಂಸ್ಕಾರ ಅಂತ ಒಂದು ವಾಕ್ಯ ಉಂಟಲ್ಲ ಸರ್. ಅದನ್ನು ಬರೆದದ್ದು ಯಾರು? ನನ್ನ ಕಿವಿಯ ಕಾಗದ ಎಲ್ಲಿ?"

"ಅದು ಆ ಕಡೆಯವರು ಕೇಳಿದ್ದು. ಒಂದು ವಾಕ್ಯ ತಾನೆ? ಕೊಗ್ಗ ಎಂತ ಕೆಲಸ ಮಾಡ್ತಿದ್ದ ಅಂತ ಅವರು ಕೋರ್ಟಿನಲ್ಲಿ ಎತ್ತಿದ್ರೆ ಅವಮಾನ ಯಾರಿಗೆ? ನಾನು ನಿನ್ನ ಮಾನ ಉಳಿಸಿದ್ದು. ಮಂಗಳವಾರ ಮೂರು ಪ್ರಶ್ನೆ ಕೇಳ್ತಾರೆ. ಮೂರಕ್ಕೂ ಹೌದು ಅನ್ನು. ಹೆಚ್ಚು ಮಾತಾಡ್ಬೇಡ. ಇಲ್ಲ ಅಂದ್ರೆ ನಾನು ಈ ಕೇಸಿನಲ್ಲಿ ಇರ್ಲಿಕ್ಕಿಲ್ಲ, ಬೇರೆ ಯಾರೂ ನಿನ್ನ ಕೇಸು ಮುಟ್ಲಿಕ್ಕಿಲ್ಲ. ಮತ್ತೆ, ಈ ವಾಯ್ಸೆಲ್ಲ ಡಿಲೀಟ್ ಮಾಡು."

ಅವಳು ಮಾಡಲಿಲ್ಲ. ಆ ಸಂದೇಶವನ್ನು ನಾಲ್ಕು ಸಲ ಕೇಳಿದಳು. ಶೈಲೇಶ್‌ರವರು. ಕೊಗ್ಗ ಮಾಡ್ತಿದ್ದ. ಅಪ್ಪ ಸತ್ತು ಆರು ವರ್ಷವಾಗಿತ್ತು. ಸತ್ತವನಿಗೂ ಈ ಮನುಷ್ಯ ಒಂದು ಮರ್ಯಾದೆಯ ಮಾತು ಕೊಡಲಿಲ್ಲ.

ಲವಿಟಾ ಕೊನೆಯ ಪುಟ ನೋಡುತ್ತಿದ್ದಳು. "ಇಲ್ಲಿ ನೋಡು. ಪ್ರಮಾಣಪತ್ರ, ಇದರಲ್ಲೂ ನಿನ್ನ ಸಹಿ, ನೋಟರಿಯ ಸೀಲು. ಮಾರ್ಚ್ ಹನ್ನೆರಡರಂದು ಮಂಗಳೂರಿನಲ್ಲಿ ನನ್ನ ಸಮಕ್ಷಮ ಸಹಿ ಮಾಡಿದರು. ನೀನು ಮಾರ್ಚಿನಲ್ಲಿ ಮಂಗಳೂರಿಗೆ ಯಾವಾಗ ಹೋಗಿ ಬಂದದ್ದು? ನನಗೆ ಹಲ್ವಾ ತರ್ಲಿಲ್ಲ?"

ಲೋಲಾಕ್ಷಿ ಬಲಗೈಯ ಅಂಗಿತೋಳನ್ನು ಮೇಲೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈಯವರೆಗೆ ಒಂದು ಗಾಯ, ಇನ್ನೂ ಗುಲಾಬಿ ಬಣ್ಣದ್ದು, ಅಂಚು ಸುಕ್ಕುಗಟ್ಟಿದ್ದು.

"ಮಾರ್ಚ್ ಹನ್ನೆರಡಕ್ಕೆ ಕೈ ಸುಟ್ಟದ್ದು. ಗುರುವಾರ. ರೋಲರಿಗೆ ತಾಗಿ. ಬ್ರಾಯನ್ ಸರ್ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ."

ಸೋಮವಾರ ಅವಳು ಸೂಪರ್‌ವೈಸರ್ ಬ್ರಾಯನ್ ಬಳಿ ಅರ್ಧ ಗಂಟೆ ಬಿಡುವು ಕೇಳಿದಳು. ಬ್ರಾಯನ್ ಕೆಟ್ಟವನೇನಲ್ಲ. ಕುಲಶೇಖರದವನು, ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಹಂಚುವವನು. ಆದರೆ ದಿನಕ್ಕೆ ಇಷ್ಟು ಚಾದರ ಹೊರಬೀಳಬೇಕು ಎಂಬ ಲೆಕ್ಕಕ್ಕೆ ಅವನೂ ಸಿಕ್ಕಿಕೊಂಡಿದ್ದ.

"ಕೋರ್ಟು ಕಚೇರಿ ಎಲ್ಲ ಡ್ಯೂಟಿಯಲ್ಲಾ? ರೋಲರ್ ಯಾರು ನೋಡ್ಲಿಕ್ಕೆ, ನಾನಾ? ಖಲಾಸ್. ಫ್ಲೋರಿನಲ್ಲಿ ಫೋನ್ ಕಂಡ್ರೆ ತೆಗೆದಿಡ್ತೇನೆ."

ಮಂಗಳವಾರ ಬೆಳಿಗ್ಗೆ ಫೋನನ್ನು ಒಳಗೆ, ಎದೆಯ ಬಳಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಂಡಳು. ಊರಿನ ಹನ್ನೊಂದು ಇಲ್ಲಿನ ಒಂಬತ್ತೂವರೆ. ಗೋಡೆಯ ಗಡಿಯಾರ ನೋಡುತ್ತ ಚಾದರ ಕೊಟ್ಟಳು. ಒಂಬತ್ತು ಇಪ್ಪತ್ತು. ಕೊಡವು, ಎಳೆ, ಕೊಡು. ಒಂಬತ್ತು ಇಪ್ಪತ್ತಾರು. ಅವಳು ಹೋದರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಬ್ರಾಯನ್ ಓಡಿ ಬರುತ್ತಾನೆ. ಹೋಗದಿದ್ದರೆ ಅಲ್ಲಿ ವಕೀಲರು ಅವಳ ಪರವಾಗಿ ಹೌದು ಎನ್ನುತ್ತಾರೆ.

"ಎಂತ ಗಡಿಯಾರ ನೋಡ್ತಾ ನಿಂತದ್ದು?" ಎಂದಳು ರಸೀನಾ ಚಾದರದಾಚೆಯಿಂದ. "ಹೋಗು."

"ಯಂತ್ರ?"

ರಸೀನಾ ಕೈಯಲ್ಲಿದ್ದ ತುದಿ ಬಿಟ್ಟಳು. ಕೆಂಪು ಗುಂಡಿಯನ್ನು ಅಂಗೈಯಿಂದ ಬಡಿದಳು. ರೋಲರ್ ಉಸಿರುಬಿಟ್ಟು ನಿಂತಿತು.

"ಚಾದರ ಸಿಕ್ಕಿಕೊಂಡಿತು ಅಂತ ಹೇಳ್ತೇನೆ. ಹತ್ತು ನಿಮಿಷ. ಯಲ್ಲಾ, ನಡಿ."

ಕೊಳೆಬಟ್ಟೆಯ ಕೋಣೆಯಲ್ಲಿ ಮಾತ್ರ ಸಿಗ್ನಲ್ ಇತ್ತು. ಆಸ್ಪತ್ರೆಯ ಮೂಟೆಗಳ ನಡುವೆ, ರಕ್ತ, ಮೂತ್ರ, ಔಷಧಿಯ ನಾತದಲ್ಲಿ ನಿಂತು ಅವಳು ಲಿಂಕ್ ಒತ್ತಿದಳು. ಪರದೆಯಲ್ಲಿ ನ್ಯಾಯಾಲಯ ಮೂಡಿತು. ಎತ್ತರದಲ್ಲಿ ನ್ಯಾಯಾಧೀಶೆ, ಕನ್ನಡಕ ಹಾಕಿದ ಹೆಂಗಸು. ಕೆಳಗೆ ಕರಿಕೋಟಿನಲ್ಲಿ ಗೋಪಾಲಕೃಷ್ಣ ವಕೀಲರು. ಇನ್ನೊಂದು ಚೌಕದಲ್ಲಿ ಶೈಲೇಶ್, ಬಿಳಿ ಅಂಗಿ, ಏಸಿ ಕೋಣೆ. ಅವನ ಹಿಂದಿನ ಕಪಾಟಿನ ಮೇಲೆ ತೃಷಾಳ ನೀರಿನ ಹಳದಿ ಬಾಟಲಿ ಇತ್ತು. ಇವತ್ತು ಶಾಲೆಗೆ ಬಾಟಲಿ ಮರೆತು ಹೋಗಿದ್ದಾಳೆ ಎಂದು ಲೋಲಾಕ್ಷಿಗೆ ಮೊದಲು ಹೊಳೆದದ್ದು.

ಶೈಲೇಶನನ್ನು ಕೇಳಿದರು. ಹೌದು ಮೇಡಂ. ಹೌದು ಮೇಡಂ. ಹೌದು ಮೇಡಂ. ಮೂರು ಸಲ. ಮುಗಿಯಿತು.

"ಅರ್ಜಿದಾರರು ಲೋಲಾಕ್ಷಿ. ರಾಜಿ ಪತ್ರ ಓದಿದ್ದೀರಾ?"

ಫೋನನ್ನು ಮುಖದೆದುರು, ತುಸು ಬಲಗಿವಿಯ ಕಡೆಗೆ ಹಿಡಿದಿದ್ದಳು.

"ಹೌದು ಮೇಡಂ. ಮೊನ್ನೆ ಭಾನುವಾರ ಓದಿದೆ."

"ಅದರಲ್ಲಿರುವುದು ನಿಮ್ಮದೇ ಸಹಿಯಾ?"

"ಹೌದು ಮೇಡಂ."

ವಕೀಲರು ಸಣ್ಣಗೆ ತಲೆ ಆಡಿಸಿದರು. ಚೆನ್ನಾಗಿ ಓದಿ ಬಂದ ಮಗುವನ್ನು ಮೇಷ್ಟ್ರು ನೋಡುವ ಹಾಗೆ.

"ಅದರಲ್ಲಿ ಬರೆದದ್ದಕ್ಕೆಲ್ಲ ನಿಮ್ಮ ಪೂರ್ಣ ಒಪ್ಪಿಗೆ ಇದೆಯಾ?"

"ಇಲ್ಲ."

ತಾನು ಅಷ್ಟು ಜೋರಾಗಿ ಹೇಳಿದ್ದು ಅವಳಿಗೇ ಗೊತ್ತಾಗಲಿಲ್ಲ. ಒಂದು ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ನ್ಯಾಯಾಧೀಶೆ ತಲೆ ಎತ್ತಿದರು.

ವಕೀಲರು ಎದ್ದು ನಿಂತಿದ್ದರು. "ಮೇಡಂ, ಅಲ್ಲಿ ಸಿಗ್ನಲ್ ಸರಿಯಿಲ್ಲ. ನಮ್ಮ ಕಕ್ಷಿದಾರರು ಸ್ವಲ್ಪ ಭಾವುಕರಾಗಿದ್ದಾರೆ, ನಾನು ಅವರ ಪರವಾಗಿ..."

ಕಕ್ಷಿದಾರರು. ಭಾವುಕರಾಗಿದ್ದಾರೆ. ಎಂಟು ತಿಂಗಳಲ್ಲಿ ಅವರು ಅವಳಿಗೆ ಗೌರವ ಕೊಟ್ಟ ಮೊದಲ ಮಾತು ಅದು.

"ಸಿಗ್ನಲ್ ಸರಿ ಉಂಟು ಮೇಡಂ," ಎಂದಳು ಲೋಲಾಕ್ಷಿ. "ಸಹಿ ನನ್ನದು. ಮಾತು ನನ್ನದಲ್ಲ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ಆಮೇಲೆ ಬರೆದದ್ದು. ಮಾರ್ಚ್ ಹನ್ನೆರಡಕ್ಕೆ ನಾನು ಮಂಗಳೂರಿನಲ್ಲಿ ಸಹಿ ಮಾಡಿದೆ ಅಂತ ಉಂಟು. ಆ ದಿನ ನಾನು ಇಲ್ಲಿದ್ದೆ. ಇಲ್ಲಿ ಕೈ ಸುಟ್ಟುಕೊಂಡೆ." ತೋಳು ಸರಿಸಿ ಗಾಯವನ್ನು ಕ್ಯಾಮೆರಾಕ್ಕೆ ಹಿಡಿದಳು. ಪರದೆಯ ತುಂಬ ಅವಳ ಕೈ. "ನನ್ನ ಅಪ್ಪ ರಸ್ತೆ ಗುಡಿಸ್ತಿದ್ದರು. ಕೊಗ್ಗ ಅಂತ ಹೆಸರು. ಅದನ್ನು ಯಾರೂ ಮುಚ್ಚಿಡುವುದು ಬೇಡ. ನನ್ನ ಮಗಳು ನನಗೆ ಬೇಕು. ಬಿಟ್ಟುಕೊಟ್ಟಿಲ್ಲ."

ಶೈಲೇಶನ ಚೌಕದಲ್ಲಿ ಅವನ ತುಟಿ ಆಡುತ್ತಿತ್ತು. ಶಬ್ದ ಮುಚ್ಚಿದ್ದ. ಅವನ ಬೈಗುಳ ಕೇಳಿಸದೆ ಬರೀ ಕಂಡದ್ದು ಅದೇ ಮೊದಲು.

ನ್ಯಾಯಾಧೀಶೆ ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವರ ಮುಂದೆ ಆ ದಿನದ ಕೇಸುಗಳ ಕಟ್ಟು ಎತ್ತರಕ್ಕಿತ್ತು. ವಕೀಲರ ಕಡೆ ಒಮ್ಮೆ ನೋಡಿದರು. ಪಕ್ಕದಲ್ಲಿದ್ದವರಿಗೆ ಬರೆಸಿದರು. ಒಪ್ಪಿಗೆ ಇಲ್ಲದ ಕಾರಣ ರಾಜಿ ದಾಖಲಿಸಿಲ್ಲ. ಪ್ರಮಾಣಪತ್ರದ ಬಗ್ಗೆ ವಕೀಲರು ವಿವರಣೆ ಕೊಡಬೇಕು. ಅರ್ಜಿದಾರರು ಜೂನ್ ಒಂಬತ್ತಕ್ಕೆ ಖುದ್ದಾಗಿ ಹಾಜರಾಗಬೇಕು, ತಪ್ಪಿದರೆ ಅರ್ಜಿ ವಜಾ.

"ಮೇಡಂ, ಪಾಸ್‌ಪೋರ್ಟ್ ನನ್ನ ಕೈಯಲ್ಲಿಲ್ಲ..."

ಪರದೆಯಲ್ಲಿ ಬೇರೆ ಯಾರದೋ ಹೆಸರು ಕರೆಯುತ್ತಿದ್ದರು. ಎಲ್ಲ ಸೇರಿ ನಾಲ್ಕು ನಿಮಿಷ.

ಬಾಗಿಲಲ್ಲಿ ಬ್ರಾಯನ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಕೈ ಚಾಚಿದ. ಅವಳು ಫೋನ್ ಕೊಟ್ಟಳು. ಅವನು ಅದನ್ನು ಜೇಬಿಗಿಟ್ಟು ತಿರುಗಿ ನಡೆದ.

ಸಂಜೆ ಫೋನ್ ವಾಪಸು ಬಂದಾಗ ಎರಡು ಸಂದೇಶ ಕಾದಿದ್ದವು. ಒಂದು ವಕೀಲರದು. "ನನ್ನ ಇಪ್ಪತ್ತೆಂಟು ವರ್ಷದ ಪ್ರಾಕ್ಟೀಸಿಗೆ ಮಸಿ ಬಳಿದಿಯಲ್ಲ. ಬೇರೆ ವಕೀಲರನ್ನು ಮಾಡ್ತೀಯಾ? ಮಾಡು. ನನ್ನ ಒಪ್ಪಿಗೆ ಪತ್ರ ಇಲ್ಲದೆ ಯಾರು ನಿನ್ನ ವಕಾಲತ್ತು ಹಾಕ್ತಾರೆ ನೋಡುವ. ನಿನ್ನ ಕಾಗದ, ಫೈಲು ಎಲ್ಲ ಇಲ್ಲೇ ಉಂಟು. ಬೇಕಿದ್ರೆ ಆಗಸ್ಟಿನ ಕ್ಯಾಂಪಿಗೆ ಬಾ. ಸಾಲಿನಲ್ಲಿ ನಿಲ್ಲು."

ವಾಯಿದೆ ಜೂನಿನಲ್ಲಿ. ಕ್ಯಾಂಪ್ ಆಗಸ್ಟಿನಲ್ಲಿ.

ಇನ್ನೊಂದು ಶೈಲೇಶನದು. "ಶುಕ್ರವಾರ ಬರ್ಬೇಡ. ಇನ್ನು ಮೇಲೆ ಬರ್ಬೇಡ. ಕೋರ್ಟಿನಲ್ಲೇ ಕೇಳು ನಿನ್ನ ಮಗಳನ್ನು."

ಲವಿಟಾ ಎರಡನ್ನೂ ಕೇಳಿ, ಓದಿ ಫೋನ್ ಕೆಳಗಿಟ್ಟಳು. ಆಮೇಲೆ ಒಂದು ನೋಟ್‌ಬುಕ್ ತಂದಳು.

"ವಕೀಲರ ಮೇಲೆ ದೂರು ಕೊಡ್ಲಿಕ್ಕೆ ಬೆಂಗಳೂರಿನಲ್ಲಿ ಪರಿಷತ್ತು ಉಂಟು. ನಮ್ಮ ಡಾಕ್ಟರ ಹೆಂಡತಿ ಹೇಳಿದ್ರು. ಬರಿ. ಆಗುತ್ತದೋ ಇಲ್ಲವೋ, ಬರಿ. ಇಂಗ್ಲಿಷಿಗೆ ನಾನು ಮಾಡ್ತೇನೆ."

ಲೋಲಾಕ್ಷಿ ಬರೆದಳು. ದಿನಾಂಕ, ವಾರ, ಗಂಟೆ. ಯಾವ ಹಾಲ್, ಎಷ್ಟು ಹಾಳೆ, ಗುರುತು ಯಾವ ಮೂಲೆಯಲ್ಲಿ. ಹತ್ತು ಹಾಳೆಯಲ್ಲಿ ಎರಡಕ್ಕೆ ಮಾತ್ರ ಲೆಕ್ಕ ಸಿಕ್ಕಿತ್ತು, ರಾಜಿ ಪತ್ರಕ್ಕೆ ಒಂದು, ಪ್ರಮಾಣಪತ್ರಕ್ಕೆ ಒಂದು. ಉಳಿದ ಎಂಟು ಇನ್ನೂ ಅವರ ಬಳಿ ಇದ್ದವು, ಕೆಳಗೆ ಅವಳ ಸಹಿ, ಮೇಲೆ ಏನೂ ಇಲ್ಲ. ಅದನ್ನು ಬರೆಯುವಾಗ ಪೆನ್ನು ನಿಂತಿತು. ಆ ಎಂಟರಲ್ಲಿ ಅವಳು ಇನ್ನೇನೇನು ಒಪ್ಪಿಕೊಳ್ಳಲಿದ್ದಾಳೋ.

ಬುಧವಾರ ಬೆಳಿಗ್ಗೆ ಬ್ರಾಯನ್ ಅವಳನ್ನೂ ರಸೀನಾಳನ್ನೂ ಕ್ಯಾಬಿನ್ನಿಗೆ ಕರೆದ. ಮೇಜಿನ ಮೇಲೆ ಎರಡು ಕಾಗದ. ಮೇಲೆ ಕಂಪನಿಯ ಹೆಸರು, ಎರಡು ಸಾಲು ಇಂಗ್ಲಿಷ್, ಎರಡು ಸಾಲು ಅರಬ್ಬಿ. ನಡುವೆ ಪೂರ್ತಿ ಖಾಲಿ. ಕೆಳಗೆ ಸಹಿಗೆ ಗೆರೆ.

"ನಿನ್ನೆ ಹದಿನಾಲ್ಕು ನಿಮಿಷ ಯಂತ್ರ ನಿಂತಿದೆ. ಮ್ಯಾನೇಜರ್ ಕೇಳಿದ್ದಾರೆ. ನಾನು ನಿಮ್ಮನ್ನು ಕೆಲಸದಿಂದ ತೆಗೀಲಿಕ್ಕೆ ಬಿಡ್ಲಿಲ್ಲ. ಸಹಿ ಹಾಕಿ, ಹೋಗಿ ಕೆಲಸ ಮಾಡಿ."

"ನಡುವೆ ಎಂತ ಬರೀತೀರಿ ಸರ್?"

"ಅದೆಲ್ಲ ಆಫೀಸಿನವರು ನೋಡ್ಕೊಳ್ತಾರೆ ಮಾರಾಯ್ತಿ. ಬರೀಲಿಕ್ಕೆ ಅವರಿದ್ದಾರಲ್ಲ."

ಲೋಲಾಕ್ಷಿ ಪೆನ್ನು ತೆಗೆದುಕೊಂಡಳು. ಕುರ್ಚಿ ಎಳೆದು ಕೂತಳು. ಆ ಕ್ಯಾಬಿನ್ನಿನಲ್ಲಿ ಕೆಲಸದವರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಸುಟ್ಟ ತೋಳನ್ನು ಮೇಜಿನ ಮೇಲಿಟ್ಟು ಖಾಲಿ ಜಾಗದ ಮೇಲ್ತುದಿಯಿಂದ ಕನ್ನಡದಲ್ಲಿ ಬರೆಯತೊಡಗಿದಳು. ಏಪ್ರಿಲ್ ಏಳರಂದು ಬೆಳಿಗ್ಗೆ ಒಂಬತ್ತೂವರೆಗೆ ನಾನು ನನ್ನ ಮಗಳ ಕೇಸಿಗೆ ಹೋಗಿದ್ದೆ. ಜೂನ್ ಒಂಬತ್ತಕ್ಕೆ ಮಂಗಳೂರಿನ ನ್ಯಾಯಾಲಯದಲ್ಲಿ ಖುದ್ದಾಗಿ ಹಾಜರಾಗಬೇಕು. ನನ್ನ ಪಾಸ್‌ಪೋರ್ಟ್ ಕಂಪನಿಯ ಬೀರುವಿನಲ್ಲಿ ಇದೆ. ಅದು ನನ್ನದು. ಕೊಡಿ. ಮಾರ್ಚ್ ಹನ್ನೆರಡರಂದು ನನ್ನ ಕೈ ಸುಟ್ಟದ್ದನ್ನು ಬರೆದ ಪುಸ್ತಕದ ಪ್ರತಿಯನ್ನೂ ಕೊಡಿ.

"ಏ, ಎಂತ ಮಾಡ್ತಿದ್ದೀ? ಅದು ಆಫೀಶಿಯಲ್ ಕಾಗದ!"

ಅವಳು ತಲೆ ಎತ್ತಲಿಲ್ಲ. ಅವನು ನಿಂತದ್ದು ಎಡಗಡೆ. ಅಂಚಿನಿಂದ ಅಂಚಿಗೆ ಬರೆದಳು. ಕೊನೆಯ ಸಾಲಿನ ನಂತರ ಎರಡು ಬೆರಳು ಜಾಗ ಉಳಿಯಿತು. ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ಆಮೇಲೆ ಸಹಿ ಹಾಕಿದಳು. ಲೋಲಾಕ್ಷಿ ಕೆ. ಒಂದು ಕ್ಷಣ ಯೋಚಿಸಿ, 'ಕೆ'ಯನ್ನು ಹೊಡೆದು ಹಾಕಿ ಪೂರ್ತಿ ಬರೆದಳು. ಲೋಲಾಕ್ಷಿ ಕೊಗ್ಗ.

"ಇದನ್ನು ಮ್ಯಾನೇಜರ್ ಹರಿದು ಬಿಸಾಡ್ತಾರೆ," ಎಂದ ಬ್ರಾಯನ್. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. "ಪಾಸ್‌ಪೋರ್ಟ್ ಕೊಡುವುದಿಲ್ಲ. ವೀಸಾ ಕೊಟ್ಟ ಕಫೀಲ್‌ನ ತನಕ ಹೋಗುತ್ತದೆ. ನಿನ್ನ ಕೆಲಸ ಹೋಗುತ್ತದೆ."

"ಹರೀಲಿ ಸರ್. ನಾಳೆ ಮತ್ತೆ ಬರೆದು ಕೊಡ್ತೇನೆ. ಜೂನ್ ಒಂಬತ್ತರ ತನಕ ದಿನಾ ಕೊಡ್ತೇನೆ."

ರಸೀನಾ ತನ್ನ ಕಾಗದವನ್ನು ಎಳೆದುಕೊಂಡಳು. ಅವಳಿಗೆ ಹೆಸರು ಬರೆಯುವಷ್ಟೇ ಅಕ್ಷರ ಬರುತ್ತಿತ್ತು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಗೆರೆ ಎಳೆದಳು. ಗೆರೆ ಸೊಟ್ಟಗೆ ಹೋಗಿ ಕಂಪನಿಯ ಹೆಸರಿನ ಮೇಲೂ ಹಾಯಿತು.

"ಇಷ್ಟು ಸಾಕಾ?" ಎಂದು ಲೋಲಾಕ್ಷಿಯ ಬಲಗಡೆ ಬಂದು ಕೇಳಿದಳು.